ಪಾಳಿಯ ಹಾಸಿಗೆ

ಕಾಣದಿರುವುದು ಇಲ್ಲವೆಂದು ಹೇಗೆ ಹೇಳುವುದು? ಬಿ.ಎ. ತತ್ವಶಾಸ್ತ್ರದ ತರಗತಿಯಲ್ಲಿ ಸುಲಭವೆನಿಸಿದ್ದ ಪ್ರಶ್ನೆ, ಬೊಮ್ಮಸಂದ್ರದ ತನ್ನ ಮನೆಯ ಮಹಡಿಯಲ್ಲಿ ಮುನಿಕೃಷ್ಣನನ್ನು ಕಾಡುತ್ತಿತ್ತು. ಅಲ್ಲಿನ ಬಾಡಿಗೆ ಕೋಣೆಯ ಒಂದೇ ಹಾಸಿಗೆಯಲ್ಲಿ ಕಾರ್ಖಾನೆಯ ಇಬ್ಬರು ಮಲಗುತ್ತಿದ್ದರು: ಹಗಲು ರಾಜೇಂದ್ರ, ರಾತ್ರಿ ಬಾಲಾಜಿ. ಪಾಳಿ ಬೇರೆಯಾದ್ದರಿಂದ ಒಬ್ಬರನ್ನೊಬ್ಬರು ನೋಡಿರಲೇ ಇಲ್ಲ.

ಆ ಬೆಳಿಗ್ಗೆ ಕೆಲಸ ಮುಗಿಸಿ ಬಂದ ರಾಜೇಂದ್ರ ನಕ್ಕ. "ಏನ್ ಫಿಲಾಸಫರ್ ಸಾರ್, ಯೋಚ್ನೆ? ಆ ಬಾಲಾಜಿ ಅವ್ನೆ ಅಂತ್ಲೇ ನಂಗೆ ನಿದ್ದೆ ಬರೋದು. ಒಬ್ನೇ ಆಗಿದ್ರೆ ಯಾವತ್ತೋ ಊರಿಗೆ ಓಡೋಗ್ತಿದ್ದೆ. ಮುಟ್ಟಿ ನೋಡಿ, ಈಗ್ತಾನೆ ಎದ್ದೋಗವ್ನೆ."

ಮುನಿಕೃಷ್ಣ ಕೈಯಿಟ್ಟ. ದಿಂಬು ತಲೆಯಗಲ ತಗ್ಗಾಗಿತ್ತು. ಹಾಸಿಗೆ ಬೆಚ್ಚಗಿತ್ತು.

ಬೀಗದ ಕೈಯನ್ನು ಮುನಿಕೃಷ್ಣನಿಗೇ ಒಪ್ಪಿಸಿ ಬಾಲಾಜಿ ಕೋಣೆ ಬಿಟ್ಟು ತಿಂಗಳಾಗಿತ್ತು. ಅದನ್ನು ಮುನಿಕೃಷ್ಣ ರಾಜೇಂದ್ರನಿಗೆ ಎಂದೂ ಹೇಳಲಿಲ್ಲ.