ಬೆನ್ನ ಮೇಲಿನ ನಿಯಮಗಳು

ನಾನು ಒಂದು ಪಾಸ್. ವಿಕಲಚೇತನರ ವಾಹನ ನಿಲುಗಡೆ ಪಾಸ್ ಎಂಬುದು ನನ್ನ ಪೂರ್ಣ ಹೆಸರು. ಅಷ್ಟುದ್ದದ ಹೆಸರಿನಿಂದ ನನ್ನನ್ನು ಯಾರೂ ಕರೆದದ್ದಿಲ್ಲ. ಕಚೇರಿಯವರಿಗೆ ನಾನು ನೀಲಿ ಕಾರ್ಡು, ಮಾರ್ಕೆಟ್ಟಿನ ಕಾವಲುಗಾರನಿಗೆ ಅದೇನೋ ಒಂದು ಚೀಟಿ.

ನಾನು ಹುಟ್ಟಿದ್ದು ಕಿಲ್ಲಾ ಓಣಿಯ ಒಂದು ಸಣ್ಣ ಮುದ್ರಣಾಲಯದಲ್ಲಿ. ಒಂದು ಕಡೆ ಲಗ್ನಪತ್ರಿಕೆಗಳು ಅಚ್ಚಾಗುತ್ತಿದ್ದವು, ಇನ್ನೊಂದು ಕಡೆ ನಾವು. ನನ್ನ ಮುಖದ ಮೇಲೆ ನೀಲಿ ಬಣ್ಣ ಬಳಿದು ಬಿಳಿಯ ಗಾಲಿಕುರ್ಚಿಯ ಚಿತ್ರ ಮೂಡಿಸಿದರು. ಹೆಸರಿಗೂ ಭಾವಚಿತ್ರಕ್ಕೂ ಜಾಗ ಬಿಟ್ಟರು. ಬೆನ್ನ ಮೇಲೆ ನಿಯಮಗಳನ್ನು ಅಚ್ಚು ಹಾಕಿದರು. ಈ ಪಾಸ್ ವ್ಯಕ್ತಿಗೆ ಸೇರಿದ್ದು, ವಾಹನಕ್ಕಲ್ಲ. ಪಾಸ್ ಪಡೆದವರು ಯಾವ ವಾಹನದಲ್ಲಿ ಬರುತ್ತಾರೋ ಅದರ ಮುಂದಿನ ಗಾಜಿನೊಳಗೆ ಕಾಣುವಂತೆ ಇಡಬೇಕು. ಅವರು ಇಲ್ಲದಿದ್ದಾಗ ಬೇರೆಯವರು ಬಳಸಕೂಡದು, ಬಳಸಿದರೆ ಅಮಾನತು. ಅವಧಿ ಮುಗಿದರೆ ನವೀಕರಿಸಬೇಕು. ಪಡೆದವರು ತೀರಿಕೊಂಡರೆ ಮನೆಯವರು ಹಿಂದಿರುಗಿಸಬೇಕು. ಹೀಗೆ ಇನ್ನೂ ಕೆಲವು. ಜಾಗ ಸಾಲದ್ದಕ್ಕೆ ಅಕ್ಷರಗಳನ್ನು ಸಾಸಿವೆ ಕಾಳಿನಷ್ಟು ಸಣ್ಣ ಮಾಡಿದರು.

"ಇದನ್ನ ಯಾರ್ ಓದ್ತಾರ ಬಿಡು" ಎಂದು ಮುದ್ರಕ ನನ್ನನ್ನು ಕಾರ್ಡುಗಳ ಕಟ್ಟಿನೊಳಗೆ ಸೇರಿಸಿದ. ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದೇ.

ಅಲ್ಲಿಂದ ಕಚೇರಿಯ ಮೇಜಿನ ಖಾನೆಗೆ ಬಂದೆ. ಸಹಿ ಮಾಡುವ ಸಾಹೇಬರು ಇದ್ದರೆ ಮುದ್ರೆ ಇರುತ್ತಿರಲಿಲ್ಲ, ಮುದ್ರೆ ಇದ್ದರೆ ಸಾಹೇಬರು ಇರುತ್ತಿರಲಿಲ್ಲ. ಆ ಖಾನೆಯಲ್ಲಿ ಎಷ್ಟು ಕಾಲ ಮಲಗಿದ್ದೆನೋ, ಒಂದು ಮೂಲೆಗೆ ಜಿರಲೆ ಹಲ್ಲು ಹಚ್ಚಿತ್ತು.

ನನ್ನನ್ನು ಪಡೆಯಲು ಬಂದವಳು ಕಸ್ತೂರಿ ಹೊಸಮನಿ. ನಲವತ್ತು ದಾಟಿದ ಹೆಂಗಸು. ಮಾರ್ಕೆಟ್ಟಿನ ಕಾಂಪ್ಲೆಕ್ಸಿನಲ್ಲಿ ಕುಪ್ಪಸ ಹೊಲಿಯುವ ಅಂಗಡಿ ಇಟ್ಟಿದ್ದಳು. ಬಸ್ ನಿಲ್ದಾಣದಲ್ಲಿ ಹಿಂದಕ್ಕೆ ಬಂದ ಬಸ್ಸಿನ ಗಾಲಿ ಅವಳ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದುಕೊಂಡಿತ್ತು. ಈಗ ಅಲ್ಲಿ ಕೃತಕ ಕಾಲು. ಬಲಗಾಲು ಗಟ್ಟಿಯಾಗಿದ್ದರಿಂದ ಗೇರು ಬದಲಿಸುವ ಗೋಜಿಲ್ಲದ ಹಳೆಯ ಕಾರೊಂದನ್ನು ಕೊಂಡು ತಾನೇ ಓಡಿಸುತ್ತಿದ್ದಳು. ಸೀರೆ ಉಟ್ಟು ನಿಧಾನಕ್ಕೆ ನಡೆದರೆ ಗೊತ್ತಾಗುತ್ತಿರಲಿಲ್ಲ. ಅವಳ ಕಷ್ಟವೆಲ್ಲ ಇದ್ದದ್ದು ಆ ಗೊತ್ತಾಗದಿರುವುದರಲ್ಲೇ.

ಗುಮಾಸ್ತ ಗುರುಪಾದಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಏನೂ ಆಗಿಲ್ದಂಗ ಕಾಣ್ತೀರಲ್ರಿ."

"ಡಾಕ್ಟರ್ ಸರ್ಟಿಫಿಕೇಟ್ ಐತಲ್ರಿ ಅದರಾಗ."

"ಸರ್ಟಿಫಿಕೇಟ್ ಐತಿ. ಆದ್ರ ಫೋಟೋದಾಗ ಅಂಗವೈಕಲ್ಯ ಕಾಣಬೇಕು. ನೀವು ಬರೇ ಮುಖದ ಫೋಟೋ ಕೊಟ್ಟೀರಿ. ಹೋದ ಸಲಾನೂ ಹೇಳಿದ್ನಿ."

"ಹೋದ ಸಲ ಸರ್ಟಿಫಿಕೇಟ್ ಹಳೇದಾತು ಅಂದ್ರಿ. ಅದರ ಹಿಂದಿನ ಸಲ ಸಾಹೇಬ್ರಿಲ್ಲ ಅಂದ್ರಿ. ಫೋಟೋ ಮಾತ ಇವತ್ತ ಕೇಳಾಕ ಹತ್ತೀನಿ."

ಗುರುಪಾದಪ್ಪ ಚಹಾದ ಕಪ್ಪು ಎತ್ತಿಕೊಂಡ. ಕಸ್ತೂರಿ ಬೆಂಚಿನ ಮೇಲೆ ಕುಳಿತಳು. ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ, ಪಟ್ಟಿ ಸಡಿಲಿಸಿ, ಕಾಲನ್ನು ಬಿಚ್ಚಿದಳು. ಚಪ್ಪಲಿಯ ಸಮೇತ ಅದನ್ನು ಮೇಜಿನ ಮೇಲಿನ ಕಡತಗಳ ಮೇಲಿಟ್ಟಳು.

"ಫೋಟೋ ಯಾಕ್ರಿ, ಇದನ್ನ ಇಟ್ಕೊಳ್ರಿ. ಫೈಲಿಗೆ ಹಚ್ಚೋದಿದ್ರ ಹಚ್ಚಿಕೊಳ್ರಿ. ಸಂಜೀಕ ಮಾತ್ರ ವಾಪಸ್ ಕೊಡ್ರಿ, ಮನಿಗೆ ಹೋಗಬೇಕು."

ಸುತ್ತಲಿನ ಬೆರಳಚ್ಚಿನ ಸದ್ದು ನಿಂತಿತು. ಅಂದು ಮಧ್ಯಾಹ್ನವೇ ಮುದ್ರೆಯೂ ಸಿಕ್ಕಿತು, ಸಾಹೇಬರೂ ಸಿಕ್ಕರು. ನನ್ನ ಮೇಲೆ ಅವಳ ಹೆಸರು ಬಂತು, ಮುಖ ಬಂತು, ಮೇಲೆ ಪ್ಲಾಸ್ಟಿಕ್ ಹೊದಿಕೆ ಬಂತು. ಅವಳು ನನ್ನನ್ನು ಕಾರಿನ ಗಾಜಿನೊಳಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಕುಳಿತಳು. ಗೆದ್ದು ಬಂದವಳ ಮುಖವಾಗಿರಲಿಲ್ಲ ಅದು. ಹತ್ತು ಜನರ ಮುಂದೆ ಕಾಲು ಬಿಚ್ಚಿದವಳ ಮುಖವಾಗಿತ್ತು.

ಇನ್ನಾದರೂ ಸುಖ ಎಂದುಕೊಂಡೆ. ಕಾಂಪ್ಲೆಕ್ಸಿನ ಮೆಟ್ಟಿಲ ಪಕ್ಕದಲ್ಲೇ ನೀಲಿ ಗೆರೆ ಎಳೆದ ಒಂದು ಜಾಗವಿತ್ತು. ಮೊದಲ ದಿನ ಅಲ್ಲಿ ಕಾರು ನಿಲ್ಲಿಸಿ ಇಳಿದಾಗ ಕಾವಲುಗಾರ ಫಕ್ಕೀರಪ್ಪ ಸೀಟಿ ಊದಿದ.

"ಇಲ್ಲಿ ಹಚ್ಚಬ್ಯಾಡ್ರಿ ಬಾಯಾರ. ಇದು ಅಂಗವಿಕಲರ ಜಾಗಾ."

"ನನ್ನ ಜಾಗಾನ ಅದು. ಪಾಸ್ ನೋಡಪಾ."

"ನೀವು ನಡಕೋತ ಇಳದ್ರಲ್ರಿ."

"ನಡೀಲಾರದವರು ಗಾಡಿ ಹಚ್ಚಿ ಅದರಾಗ ಕುಂತಿರಬೇಕೇನು?"

ಫಕ್ಕೀರಪ್ಪ ನನ್ನ ಮುಖ ನೋಡಿದ. ಬೆನ್ನು ತಿರುಗಿಸಲಿಲ್ಲ. ಮರುದಿನದಿಂದ ಅವನು ಸೀಟಿ ಊದುವುದನ್ನು ಬಿಟ್ಟ, ಆದರೆ ಜಾಗ ಸಿಗುವುದು ಅಪರೂಪವಾಯಿತು. ಒಂದು ದಿನ ಕಬ್ಬಿನ ಹಾಲಿನ ಗಾಡಿ ಇರುತ್ತಿತ್ತು, ಒಂದು ದಿನ ಬೈಕುಗಳ ಸಾಲು. ಉಳಿದ ದಿನಗಳಲ್ಲಿ ರಸ್ತೆ ಕೆಲಸದ ಗುತ್ತಿಗೆದಾರನೊಬ್ಬನ ಜೀಪು. ಕೇಳಿದರೆ ಅವನು ಫೋನಿನಿಂದ ಮುಖ ಎತ್ತದೆ "ಐದ ಮಿನಿಟ್ ಅಕ್ಕಾರ" ಎನ್ನುತ್ತಿದ್ದ. ಆ ಐದು ನಿಮಿಷ ಸಂಜೆಯವರೆಗೆ ನಡೆಯುತ್ತಿತ್ತು.

ಕಸ್ತೂರಿ ದೂರದ ಹತ್ತಿ ಗಿರಣಿಯ ಗೋಡೆಯ ಬಳಿ ಕಾರು ನಿಲ್ಲಿಸಿ, ಬಟ್ಟೆಯ ಚೀಲ ಹೊತ್ತು ಬಿಸಿಲಲ್ಲಿ ನಡೆದು ಹೋಗುತ್ತಿದ್ದಳು. ಸಂಜೆ ಮರಳಿದವಳು ಕಾರಿನೊಳಗೆ ಕುಳಿತು ಪಟ್ಟಿ ಸಡಿಲಿಸಿದರೆ ಮೊಂಡುಗಾಲಿನ ಚರ್ಮ ಕೆಂಪಗೆ ಸುಲಿದಿರುತ್ತಿತ್ತು. ಅವಳು ಅದಕ್ಕೆ ಕೊಬ್ಬರಿ ಎಣ್ಣೆ ಸವರುವಾಗ ನಾನು ಗಾಜಿಗೊರಗಿ ನಿಂತಿರುತ್ತಿದ್ದೆ. ಪಾಸ್ ಆಗಿ ನಾನು ಮಾಡಬಹುದಾದದ್ದು ನಿಲ್ಲುವುದೊಂದೇ. ನಿಲ್ಲಲು ಜಾಗವಿರಲಿಲ್ಲ.

ಕಸ್ತೂರಿಗೆ ಮಲ್ಲೇಶಿ ಎಂಬ ತಮ್ಮನಿದ್ದ. ಒಳ್ಳೆಯವನೇ. ಆಸ್ಪತ್ರೆಯಲ್ಲಿ ಅಕ್ಕನಿಗೆ ಗಂಜಿ ಕುಡಿಸಿದವನು, ಹೊಸ ಕಾಲಿನ ಮೇಲೆ ಅವಳು ಮೊದಲ ಹೆಜ್ಜೆ ಇಟ್ಟಾಗ ಅತ್ತವನು. ಆದರೆ ಸಂಜೆ ಕಾರು ತೆಗೆದುಕೊಂಡು ಹೊರಟನೆಂದರೆ ನನ್ನನ್ನೂ ಬಳಸುತ್ತಿದ್ದ. ಕಲ್ಯಾಣಮಂಟಪದ ಬಾಗಿಲಲ್ಲಿ, ಚಿತ್ರಮಂದಿರದ ಮುಂದೆ, ಎಲ್ಲಿ ನೀಲಿ ಗೆರೆ ಕಂಡರೆ ಅಲ್ಲಿ. ವಿಚಿತ್ರವೆಂದರೆ ಮೀಸೆ ಹೊತ್ತ ಆ ಗಟ್ಟಿ ಹುಡುಗನನ್ನು ಯಾವ ಕಾವಲುಗಾರನೂ ತಡೆಯಲಿಲ್ಲ. ನನ್ನನ್ನು ಕಂಡವರೇ ಹಗ್ಗ ಬಿಚ್ಚಿ ದಾರಿ ಬಿಡುತ್ತಿದ್ದರು. ಒಡತಿಯ ಜೊತೆ ನನಗೆ ಸಿಗದ ಮರ್ಯಾದೆ ಅವನ ಜೊತೆ ಸಿಗುತ್ತಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಸ್ತೂರಿ ಬೈದಳು. "ನಾ ಇಲ್ಲದಾಗ ಅದನ್ನ ಇಡಬ್ಯಾಡ ಅಂದೀನಿ, ಕೇಳೂದಿಲ್ಲ ನೀ."

"ಆತ್ ಬಿಡಕ್ಕಾ" ಎನ್ನುತ್ತಿದ್ದ ಮಲ್ಲೇಶಿ. ಅದು ಅವನ ಬಾಯಿಯ ಮಾತಷ್ಟೇ.

ಒಂದು ಮಧ್ಯಾಹ್ನ ಗೆಳೆಯನಿಗೆ ಮಗು ಹುಟ್ಟಿತೆಂದು ನೋಡಲು ಆಸ್ಪತ್ರೆಗೆ ಹೋದ. ಅಲ್ಲಿದ್ದ ಒಂದೇ ಒಂದು ನೀಲಿ ಗೆರೆಯ ಜಾಗದಲ್ಲಿ ಕಾರು ನಿಲ್ಲಿಸಿ ಪೇಢೆಯ ಡಬ್ಬಿ ಹಿಡಿದು ಒಳಗೆ ನಡೆದ. ಸ್ವಲ್ಪ ಹೊತ್ತಿಗೆ ಪರಿಚಯದವರ ಟೆಂಪೋದಲ್ಲಿ ಜುಲೇಖಾಬಿ ಎಂಬ ತಾಯಿ ಬಂದಳು. ಜೊತೆಗೆ ಗಾಲಿಕುರ್ಚಿಯ ಮಗ ಇಮ್ತಿಯಾಜ್, ಇಪ್ಪತ್ತರ ಆಸುಪಾಸಿನವನು. ಟೆಂಪೋದ ಗಾಜಿನಲ್ಲಿ ನನ್ನಂಥದೇ ಒಂದು ಪಾಸ್ ಇತ್ತು. ಜಾಗವಿಲ್ಲದ್ದರಿಂದ ರಸ್ತೆಯ ಅಂಚಿನಲ್ಲೇ ಇಳಿಸಿದರು. ತಾಯಿ ಕುರ್ಚಿ ನೂಕುತ್ತಿದ್ದಾಗ ಮುಂದಿನ ಸಣ್ಣ ಗಾಲಿ ಗಟಾರದ ಜಾಲರಿಯಲ್ಲಿ ಸಿಕ್ಕಿತು. ಹುಡುಗ ಮುಂದಕ್ಕೆ ಬಿದ್ದ. ಮೊಣಕೈಯಿಂದ ರಕ್ತ ಬಂತು. ಅವನು ಬಿದ್ದಲ್ಲಿಂದ ತಲೆ ಎತ್ತಿದಾಗ ನೇರ ಎದುರಿಗೆ ನಾನಿದ್ದೆ, ನನ್ನ ಮೇಲೆ ಬಿಳಿಯ ಗಾಲಿಕುರ್ಚಿಯ ಚಿತ್ರವಿತ್ತು.

ಜುಲೇಖಾಬಿ ಕೂಗಾಡಲಿಲ್ಲ. ಮಗನನ್ನು ಎತ್ತಿ ಕೂರಿಸಿದಳು, ಆಮೇಲೆ ಹೋಗಿ ಟ್ರಾಫಿಕ್ ಪೊಲೀಸನನ್ನು ಕರೆತಂದಳು. ಮಲ್ಲೇಶಿ ಹೊರಬಂದಾಗ ಪೊಲೀಸ ಕಾರಿಗೊರಗಿ ನಿಂತಿದ್ದ.

"ಪಾಸ್ ಐತಲ್ರಿ ಸರ್" ಎಂದ ಮಲ್ಲೇಶಿ.

ಪೊಲೀಸ ನನ್ನನ್ನು ಈಸಿಕೊಂಡು ಮುಖ ನೋಡಿದ, ಬೆನ್ನು ನೋಡಿದ, ಕಣ್ಣು ಕಿರಿದು ಮಾಡಿ ಒಂದೊಂದೇ ಸಾಲು ಓದಿದ. "ಕಸ್ತೂರಿ ಅಂದ್ರ ನೀವೇನ್ರಿ?"

ನನ್ನ ನಿಯಮಗಳನ್ನು ಓದಿದ ಮೊದಲ ಮನುಷ್ಯ ಅವನು. ಓದಿದ ಮೇಲೆ ನನ್ನನ್ನು ಜೇಬಿಗೆ ಹಾಕಿಕೊಂಡ.

ವಿಚಾರಣೆ ನಡೆದದ್ದು ಅದೇ ಕಚೇರಿಯಲ್ಲಿ. ನಾನು ಸಾಹೇಬರ ಮೇಜಿನ ಮೇಲಿದ್ದೆ. ಬಾಗಿಲ ಬಳಿಯೇ ಮಲ್ಲೇಶಿ ಅಕ್ಕನ ಕಿವಿಯಲ್ಲಿ ಹೇಳುತ್ತಿದ್ದ. "ನಾನೂ ತಮ್ಮನ ಜೋಡಿ ಬಂದು ಒಳಗ ಡಾಕ್ಟರ್ ಕಡೆ ಹೋಗಿದ್ನಿ ಅಂತ ನೀ ಹೇಳಿಬಿಡಕ್ಕಾ. ಮುಗೀತದು." ಗೋಡೆಯ ಪಕ್ಕದ ಬೆಂಚಿನಲ್ಲಿ ಜುಲೇಖಾಬಿ, ಅವಳ ಪಕ್ಕದಲ್ಲಿ ಮೊಣಕೈಗೆ ಪಟ್ಟಿ ಸುತ್ತಿದ ಇಮ್ತಿಯಾಜ್.

ಸಾಹೇಬರಿಗೂ ಕಡತ ಮುಗಿದರೆ ಸಾಕಾಗಿತ್ತು. "ನೋಡವಾ, ನೀವು ಅವತ್ತ ಆಸ್ಪತ್ರಿ ಒಳಗ ಇದ್ರಿ ಅಂದ್ರ ತಪ್ಪಿಲ್ಲ. ಎಚ್ಚರಿಕಿ ಕೊಟ್ಟು ಪಾಸ್ ವಾಪಸ್ ಕೊಡ್ತೀನಿ. ಇದ್ರಿ ಹೌದಲ್ಲ?"

ಹೌದು ಎನ್ನು, ಎಂದು ನಾನೂ ಬೇಡಿಕೊಂಡೆ. ನನ್ನ ಬೆನ್ನ ಮೇಲೆ ಏನೇ ಬರೆದಿರಲಿ, ಅವಳ ಸುಲಿದ ಚರ್ಮವನ್ನು ದಿನವೂ ನೋಡಿದವನು ನಾನು. ಕಸ್ತೂರಿ ಇಮ್ತಿಯಾಜನ ಮೊಣಕೈಯನ್ನೇ ನೋಡುತ್ತಿದ್ದಳು.

"ಇಲ್ರಿ," ಎಂದಳು. "ನಾ ಅವತ್ತ ಅಂಗಡ್ಯಾಗ ಇದ್ನಿ."

ಸಾಹೇಬರು ನಿಟ್ಟುಸಿರು ಬಿಟ್ಟು ಮುದ್ರೆ ತರಿಸಿದರು. ಒಂದು ವರ್ಷ ಅಮಾನತು. ಪಾಸ್ ಒಡತಿಯ ಬಳಿಯೇ ಇರಬಹುದು, ಗಾಜಿನಲ್ಲಿ ಇಡುವಂತಿಲ್ಲ. ತಪ್ಪು ಮಾಡಿದವನ ಹೆಸರು ನನ್ನ ಮೇಲೆ ಇರಲಿಲ್ಲವಾದ್ದರಿಂದ ಅವನಿಗೆ ಸಣ್ಣದೊಂದು ದಂಡ. ಕೆಂಪು ಮುದ್ರೆ ಬಿದ್ದದ್ದು ಕಸ್ತೂರಿಯ ಭಾವಚಿತ್ರದ ಮೇಲೆ.

ಅಂಗಳದಲ್ಲಿ ಮಲ್ಲೇಶಿ ಸಿಡುಕಿದ. "ಒಂದ ಮಾತ ಹೂಂ ಅಂದಿದ್ರ ಏನಾಗತಿತ್ತು? ಇನ್ನ ನಿನ್ನ ಕಾಲಿನ ಗತಿ ಏನು?"

"ಆ ಹುಡಗನ ಕೈ ನೋಡಿಯೇನು?"

"ನೋಡೀನಿ."

"ಇಲ್ಲೇ ನಿಂತು ನೋಡೀದಿ. ಹತ್ರ ಹೋಗಿ ನೋಡು."

ಮಲ್ಲೇಶಿ ತಲೆ ತಗ್ಗಿಸಿ ಹೋದ. ಏನು ಹೇಳಿದನೋ ನನಗೆ ಕೇಳಲಿಲ್ಲ. ಮರಳುವಾಗ ಜುಲೇಖಾಬಿಯೂ ಜೊತೆಗೆ ಬಂದಳು. ಮುಖದಲ್ಲಿ ಬಿಗಿ ಇನ್ನೂ ಇತ್ತು.

"ನೀವು ಹೌದು ಅಂದಿದ್ರ ನಾ ಏನ್ ಮಾಡೂ ಹಂಗಿತ್ರಿ ಅಕ್ಕಾರ," ಎಂದಳು. "ಸುಮ್ನ ಮನಿಗೆ ಹೋಗತಿದ್ವಿ."

"ಅದಕ್ಕ ಅನ್ನಲಿಲ್ಲ ಚಾಚಿ."

ಮಾತಾಡುತ್ತ ಒಂದು ಸಂಗತಿ ಗೊತ್ತಾಯಿತು. ಇಮ್ತಿಯಾಜ್ ವಾರಕ್ಕೆರಡು ಸಲ ವ್ಯಾಯಾಮ ಚಿಕಿತ್ಸೆಗೆ ಬರುತ್ತಿದ್ದದ್ದು ಕಸ್ತೂರಿಯ ಅಂಗಡಿಯ ಹಿಂದಿನ ಸಾಲಿಗೇ. ಟೆಂಪೋ ಒಮ್ಮೆ ಸಿಕ್ಕರೆ ಒಮ್ಮೆ ಇಲ್ಲ. "ನನ್ನ ಕಾರಿನಾಗ ಬರ್ರಿ" ಎಂದಳು ಕಸ್ತೂರಿ. ಇಮ್ತಿಯಾಜ್ ನಕ್ಕ. "ಬರ್ತೀವಿ. ಪಾಸ್ ಗಾಡಿದಲ್ಲ, ನಂದು. ನಾ ಕುಂತ ಗಾಡಿಗೆ ಅದು ನಡೀತೈತಿ."

ಅವನು ತನ್ನ ಪಾಸಿನ ಬೆನ್ನನ್ನು ಓದಿದ್ದ.

ಹಾಗೆ ಆ ವರ್ಷ ವಾರಕ್ಕೆರಡು ದಿನ ಮಲ್ಲೇಶಿ ಇಮ್ತಿಯಾಜನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದ. ಗಾಜಿನಲ್ಲಿ ಅವನ ಪಾಸ್, ಕೆಳಗಿನ ಬಾಗಿಲಿಲ್ಲದ ಗೂಡಿನಲ್ಲಿ ಮುದ್ರೆ ಬಿದ್ದ ನಾನು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೆ ಮೆಟ್ಟಿಲ ಪಕ್ಕದಲ್ಲಿ ಜೀಪು ನಿಂತೇ ಇರುತ್ತಿತ್ತು. ಕಸ್ತೂರಿಯೂ ಇಮ್ತಿಯಾಜನೂ ಕೇಳಿದರು, ಜುಲೇಖಾಬಿ ಕೇಳಿದಳು, ಫಕ್ಕೀರಪ್ಪನಿಂದ ಹೇಳಿಸಿದರು. "ಐದ ಮಿನಿಟ್" ಎಂಬುದೊಂದೇ ಉತ್ತರ. ಕಡೆಗೆ ಹತ್ತಿ ಗಿರಣಿಯ ಗೋಡೆಯೇ ಗತಿಯಾಗುತ್ತಿತ್ತು. ಅಲ್ಲಿಂದ ಒಬ್ಬಳು ಕುಂಟುತ್ತ, ಒಬ್ಬ ಗಾಲಿಯ ಮೇಲೆ, ತಗ್ಗುದಿಣ್ಣೆಗಳ ಮೇಲೆ ಹೋಗುವುದನ್ನು ನಾನು ಗೂಡಿನ ಕತ್ತಲಿನಿಂದ ನೋಡುತ್ತಿದ್ದೆ.

ವರ್ಷ ಮುಗಿಯುವಷ್ಟರಲ್ಲಿ ನನ್ನ ಅವಧಿಯೂ ಮುಗಿದಿತ್ತು, ಕಸ್ತೂರಿಗೆ ಹೊಸ ಪಾಸ್ ಬಂತು. ಹಳೆಯದನ್ನು ಒಪ್ಪಿಸಬೇಕೆಂಬುದು ಇನ್ನೊಂದು ನಿಯಮ. ಅವಳು ನನ್ನ ಧೂಳನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. ಗುರುಪಾದಪ್ಪ ಗಾಲಿಕುರ್ಚಿಯ ಚಿತ್ರದ ನಡುವೆ ತೂತು ಹೊಡೆದು, ನನ್ನನ್ನು ದಾರಕ್ಕೆ ಪೋಣಿಸಿ, ಪ್ಲೈವುಡ್ ಗೋಡೆಯಾಚೆಯ ದಾಖಲೆ ಕೋಣೆಯಲ್ಲಿ ನೇತುಹಾಕಿದ.

ಈಗ ನನ್ನ ಮುಪ್ಪು ಇಲ್ಲಿ. ಒಂದೇ ದಾರದಲ್ಲಿ ನಾವು ಬಹಳ ಮಂದಿ ಇದ್ದೇವೆ. ಹೆಚ್ಚಿನವು ಒಡೆಯರು ತೀರಿಕೊಂಡ ಮೇಲೆ ಮನೆಯವರು ತಂದುಕೊಟ್ಟವು. ಪಕ್ಕದ ಪಾಸಿನ ಹೊಳಪು ಒಂದಿಷ್ಟೂ ಮಾಸಿಲ್ಲ. ಅದಕ್ಕೆ ಸಹಿ ಬೀಳುವಷ್ಟರಲ್ಲಿ ಅರ್ಜಿ ಹಾಕಿದ ಮುದುಕರು ಇರಲಿಲ್ಲವಂತೆ. ಅದು ಬಿಸಿಲನ್ನೇ ಕಂಡಿಲ್ಲ. ಬಿಸಿಲು ಹೇಗಿರುತ್ತದೆ ಎಂದು ಆಗಾಗ ನನ್ನನ್ನು ಕೇಳುತ್ತದೆ. ನಾನು ಹೇಳುತ್ತೇನೆ, ಬಿಸಿಲಲ್ಲಿ ನಡೆದವಳ ಬಗ್ಗೆಯೂ ಹೇಳುತ್ತೇನೆ. ನಮ್ಮ ಬೆನ್ನ ಮೇಲಿನ ನಿಯಮಗಳು ಕೆಟ್ಟವೆಂದು ನನಗೆ ಇಂದಿಗೂ ಅನಿಸಿಲ್ಲ. ಬರೆದವರು ಅರ್ಧ ಬರೆದು ಎದ್ದು ಹೋದರು ಎಂಬುದಷ್ಟೇ ನನ್ನ ಸಿಟ್ಟು.

ಇವತ್ತು ಬೆಳಿಗ್ಗೆ ಪ್ಲೈವುಡ್ಡಿನಾಚೆ ಪರಿಚಯದ ದನಿ ಕೇಳಿಸಿತು, ಕಸ್ತೂರಿಯದು.

"ಪಾಸ್ ಇದ್ದೋರಿಗೆ ಇಷ್ಟ ನಿಯಮ ಮಾಡೀರಿ. ಪಾಸ್ ಇಲ್ಲದ ಬಂದು ಹಚ್ಚೋರಿಗೆ ಯಾವ ನಿಯಮಾನೂ ಇಲ್ಲೇನ್ರಿ?"

"ಅದು ನಮ್ಮ ವಿಭಾಗಕ್ಕ ಬರಂಗಿಲ್ರಿ. ಟ್ರಾಫಿಕ್‌ನವರನ್ನ ಕೇಳ್ರಿ" ಎಂದ ಗುರುಪಾದಪ್ಪ.

"ಕೇಳೇವಿ. ನಿಮ್ಮನ್ನ ಕೇಳ್ರಿ ಅಂದಾರ."

"ಹಂಗಾರ ಸಾಹೇಬ್ರು ಬರಬೇಕು. ನಾಳೆ ಬರ್ರಿ."

"ಬಂದು ಹೋಗೂದು ನಮಗ ಆಗೂದಿಲ್ರಿ. ಸಾಹೇಬ್ರು ಬರೂತನಾ ಇಲ್ಲೇ ಇರ್ತೀವಿ."

ಕುರ್ಚಿ ಎಳೆದ ಸದ್ದು ಬಂತು. ಜುಲೇಖಾಬಿ ಬುತ್ತಿಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟ ಸದ್ದೂ ಬಂತು. "ಸ್ವಲ್ಪ ಸರೀರಿ, ಬಾಗಿಲಿಗೆ ಅಡ್ಡ ಬಂದೀರಿ" ಎಂದ ಗುರುಪಾದಪ್ಪ.

"ಐದ ಮಿನಿಟ್ರಿ" ಎಂದ ಇಮ್ತಿಯಾಜ್, ಗಾಲಿಕುರ್ಚಿಯ ಬ್ರೇಕು ಹಾಕುತ್ತ.