ಬಿಡುವುದಕ್ಕೇ ಹಿಡಿದ ಮೀನು

ಮತ್ತೆ ನಡುಗಿತು ಗಾಳದ ಬೆಂಡು, ಅದರ ಕೆಂಪು ತುದಿ, ಮುಳುಗುತ್ತದೋ ಇಲ್ಲವೋ ಎಂದು ನಮ್ಮ ಪ್ರೆಂಟಿಸ್ ಸಾಹೇಬ ಉಸಿರು ಬಿಗಿಹಿಡಿದು ಕುಳಿತಿದ್ದಾನೆ, ಇಡೀ ಕಂಪನಿಯನ್ನು ಗಡಗಡ ನಡುಗಿಸುವ ಮ್ಯಾನೇಜರು, ರಯ್ಯಾನಿನ ಆಚೆ ಯಾವನೋ ಅರಬಿಯ ತೋಟದಲ್ಲಿ ಖರ್ಜೂರದ ಮರಗಳಿಗೆ ನೀರು ಬಿಡುವ ಹೊಂಡದ ಮುಂದೆ, ಮಡಿಸುವ ಕುರ್ಚಿ, ಹಸಿರು ಟೊಪ್ಪಿ, ಪ್ರತಿ ಶುಕ್ರವಾರ ಇದೇ ವೇಷ — ಸೆಲೆಸ್ಟಿನ್, ಬ್ರೆಡ್ ಪ್ಲೀಸ್ ಎನ್ನುತ್ತಾನೆ, ಯೆಸ್ ಸರ್ ಎನ್ನುತ್ತೇನೆ, ಖುಬ್ಬೂಸ್ ರೊಟ್ಟಿಯನ್ನು ನಾದಿ ಗಾಳಕ್ಕೆ ಗೋಲಿಯಷ್ಟು ಉಂಡೆ ಮಾಡಿಕೊಡುತ್ತೇನೆ, ಅವನ ಸ್ಟೋರ್‌ಕೀಪರ್ ನಾನು, ಶುಕ್ರವಾರ ಮೀನುಗಳಿಗೆ ಅಡುಗೆಭಟ್ಟ. ಹೊಂಡಕ್ಕೆ ಕಾರ್ಪ್ ಮೀನು ತಂದು ಬಿಟ್ಟವನೂ ಇವನೇ, ಹಿಡಿಯುವವನೂ ಇವನೇ, ತೂಕ ಮಾಡಿ ಫೋಟೋ ತೆಗೆದು ಮತ್ತೆ ನೀರಿಗೆ ಬಿಡುವವನೂ ಇವನೇ, ಥೂ, ಹೊಟ್ಟೆ ತುಂಬಿದವರ ಆಟ. ಸಣ್ಣ ಮೀನು ಸಿಕ್ಕಿದರೆ ಸಿಲ್ವರ್ ಎನ್ನುತ್ತಾನೆ, ಬೆಳ್ಳಗೆ ಹೊಳೆದದ್ದೆಲ್ಲ ಅವನಿಗೆ ಸಿಲ್ವರ್, ಕಾಣೆಗೂ ಬೂತಾಯಿಗೂ ವ್ಯತ್ಯಾಸ ತಿಳಿಯದವನನ್ನು ನಮ್ಮೂರ ಮೀನಿನ ಹೆಂಗಸರು ಬುಟ್ಟಿಯ ಹತ್ತಿರವೂ ಸೇರಿಸುವುದಿಲ್ಲ, ಆ ಬೆಳ್ಳಿ ಮೀನುಗಳೆಲ್ಲ ದಡದಲ್ಲಿ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಮಿಸುಕಾಡುತ್ತಿವೆ, ನನ್ನ ಹೆಂಡತಿ ಕೊನ್ಸೆಪ್ಟಾ ಅದನ್ನೇ ನೋಡುತ್ತಿದ್ದಾಳೆ, ಸಾರಿಗೆ ಸಾಕಾಗ್ತದೆ ಅಲ್ವಾ ಎಂದು ಮೆಲ್ಲಗೆ ಕೇಳಿದಳು, ನಾನು ಇನ್ನೊಂದು ಉಂಡೆ ನಾದಿದೆ, ಹಿಡಿದದ್ದನ್ನು ಬಿಡುತ್ತಾರೆ ಎಂದು ಅವಳಿಗೆ ಯಾವ ಬಾಯಿಂದ ಹೇಳುವುದು. ವಿಸಿಟ್ ವೀಸಾದಲ್ಲಿ ಬಂದವಳು, ಅದು ಮುಗಿಯುತ್ತಾ ಬಂತು, ಇವನೊಬ್ಬ ಹೂಂ ಎಂದರೆ ಫ್ಯಾಮಿಲಿ ವೀಸಾ, ಬಿನ್ ಒಮ್ರಾನಿನಲ್ಲಿ ಒಂದು ಕೋಣೆ, ಒಂದು ಕಿಟಕಿ, ಅವಳ ಕೈಯ ಊಟ, ಇಲ್ಲವಾದರೆ ಅವಳು ಊರಿಗೆ, ನಾನು ಮತ್ತೆ ಗಂಡಸರ ಬೆವರಿನ ಕೋಣೆಗೆ, ಮೇಲಿನ ಮಂಚಕ್ಕೆ. ಹೆಂಡತಿಯನ್ನು ಕರೆದುಕೊಂಡು ಬಾ, ನೋಡೋಣ ಎಂದಿದ್ದ, ಸಂತೆಗೆ ಎಮ್ಮೆ ತರಲು ಹೇಳಿದ ಹಾಗೆ, ತಂದಿದ್ದೇನೆ. ಊರಿನ ಕಾನ್ವೆಂಟಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವಳು ಬೆಳಿಗ್ಗೆಯಿಂದ ಅವನೆದುರು ತುಟಿ ಬಿಚ್ಚಿಲ್ಲ, ನಾನೇ ಹೇಳಿದ್ದೆ, ಸಾಹೇಬರ ಎದುರು ಮಾತಾಡಬೇಡ, ಅವರಿಗೆ ಮಾತಾಡುವವರು ಆಗುವುದಿಲ್ಲ.

ಮುಳುಗಿತು — ಬೆಂಡು ಪೂರ್ತಿ ಮುಳುಗಿತು, ರಾಡ್ ಬಾಗಿತು, ಇವನು ಎದ್ದು ಕುಣಿಯುತ್ತಾನೆ, ಡಚೆಸ್, ಅದು ನನ್ನ ಡಚೆಸ್ಸೇ ಎನ್ನುತ್ತಾನೆ, ಮೀನಿಗೆ ಹೆಸರು ಬೇರೆ, ಸ್ಟೋರಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರ ಹೆಸರು ಒಂದೂ ಗೊತ್ತಿಲ್ಲ. ಎಳೆದು ತಂದು ಹಾಸಿನ ಮೇಲೆ ಮಲಗಿಸಿದ, ಹೌದು, ಮೀನಿಗೆ ಮೆತ್ತನೆಯ ಹಾಸು, ನೀರು ಚಿಮುಕಿಸಿ, ನನ್ನ ಮಂಚದ ಹಾಸಿಗೆ ಅದಕ್ಕಿಂತ ತೆಳು. ಗಾಳ ಬಿಡಿಸಿದ, ಜೇಬಿನಿಂದ ಸಣ್ಣ ಸೀಸೆ ತೆಗೆದು ಗಾಯಕ್ಕೆ ಔಷಧ ಹಚ್ಚಿದ, ಬೆರಳು ಜಜ್ಜಿಕೊಂಡು ಬಂದವನಿಗೆ ಪನಡಾಲ್ ಮಾತ್ರೆ ಕೊಟ್ಟು ಯಲ್ಲಾ ಎಂದು ಓಡಿಸುವ ಇದೇ ಕೈ, ಆ ತುಟಿ ನೋಡಿದೆ, ತುಟಿಯ ತುಂಬ ತೂತು, ಹಳೆಯವು ಬಿಳಿ, ಇವತ್ತಿನದು ಕೆಂಪು, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಇಷ್ಟಾದ ಮೇಲೂ ಮುಂದಿನ ಶುಕ್ರವಾರ ಅದೇ ಖುಬ್ಬೂಸಿಗೆ ಬರುತ್ತದಲ್ಲ, ನಾಚಿಕೆಗೆಟ್ಟದ್ದು. ಬ್ಯೂಟಿಫುಲ್ ಸರ್ ಎಂದೆ. ಮೇಡಂ, ಸ್ವಲ್ಪ ನೋಡಿಕೊಳ್ಳಿ ಎಂದು ಕ್ಯಾಮೆರಾ ತರಲು ಕಾರಿನ ಕಡೆ ಓಡಿದ, ನಾನು ಬಕೆಟ್ಟಿಗೆ ನೀರು ತುಂಬಲು ಬಗ್ಗಿದೆ, ಹಿಂದಿನಿಂದ ಟಪ್ ಎಂದು ಸದ್ದು. ತಿರುಗಿದರೆ ಕೊನ್ಸೆಪ್ಟಾಳ ಕೈಯಲ್ಲಿ ಕಲ್ಲು. ಎಂತ ಹಾಗೆ ನೋಡುದು ನೀವು, ಪಾಪ ಒದ್ದಾಡ್ತಾ ಉಂಟು, ಒಂದೇ ಪೆಟ್ಟು ಕೊಟ್ಟೆ, ಆ ಹಣ್ಣು ಕೊಯ್ಯುವ ಚೂರಿ ಕೊಡಿ, ಈಗ್ಲೇ ಹೊಟ್ಟೆ ತೆಗೀದಿದ್ರೆ ಹಾಳಾಗ್ತದೆ, ಹೊಂಡದ ಮೀನಲ್ವಾ, ಹುಳಿ ಸ್ವಲ್ಪ ಜಾಸ್ತಿ ಹಾಕ್ಬೇಕು — ಅಯ್ಯೋ ಮಾರಾಯ್ತಿ, ಇಲ್ಲಿ ಹಿಡಿದದ್ದನ್ನು ಬಿಡುವುದು, ಅದೇ ಕ್ರಮ, ಎಂದೆ, ಎಲ್ಲ ಮುಗಿದ ಮೇಲೆ ಈಗ ಎಂದೆ. ಬಿಡುದಾ, ಎಂದಳು, ಮತ್ತೆ ಹಿಡಿದದ್ದೆಂತಕ್ಕೆ.

ಸಾಹೇಬ ಬಂದು ನಿಂತಿದ್ದಾನೆ, ಕುತ್ತಿಗೆಯಲ್ಲಿ ಕ್ಯಾಮೆರಾ, ಮುಖ ಬೆಂದ ಸಿಗಡಿ, ಏನು ಮಾಡಿದಳು ಇವಳು, ದೇವರೇ, ಏನು ಮಾಡಿದಳು, ಎನ್ನುತ್ತಾನೆ, ಸತ್ತ ಮೀನಿಗೆ ಕಣ್ಣು ತುಂಬಿಕೊಳ್ಳುವ ಗಂಡಸು, ಕೋಡಂಗಿ, ಎಂದು ಒಳಗೆ ಉಗಿಯುತ್ತಿದ್ದೇನೆ, ಹೊರಗೆ ನನ್ನ ಬಾಯಿ, ಸಾರಿ ಸರ್, ಹಳ್ಳಿಯವಳು ಸರ್, ಓದುಬರಹ ಇಲ್ಲ, ತಿನ್ನುವುದೊಂದೇ ಗೊತ್ತು, ಇಂಗ್ಲಿಷ್ ಒಂದಕ್ಷರ ತಿಳಿಯುವುದಿಲ್ಲ ಸರ್. ಅವನು ಅವಳನ್ನು ನೋಡಿದ, ಅವಳ ಕೈಯ ಕಲ್ಲನ್ನು ನೋಡಿದ, ಕೊನೆಗೆ ನಿಟ್ಟುಸಿರು ಬಿಟ್ಟು, ಪಾಪ, ಅವಳಿಗೇನು ಗೊತ್ತು ಎಂದ, ವೀಸಾ ಸರ್ ಎಂದೆ, ಆ ಹೊತ್ತಿನಲ್ಲೂ ಕೇಳಿದೆ, ಸರಿ ಸರಿ, ಇರಲಿ ಅವಳು, ನಾಳೆ ಆಫೀಸಿಗೆ ಬಾ ಎಂದ. ಸಿಕ್ಕಿತು, ಖಲಾಸ್, ಕೋಣೆ, ಕಿಟಕಿ — ಕೊನ್ಸೆಪ್ಟಾ ಕಲ್ಲನ್ನು ನಿಧಾನ ಕೆಳಗಿಟ್ಟಳು, ಎದ್ದಳು, ಮಕ್ಕಳಿಗೆ ಪಾಠ ಓದಿಸುವ ಅದೇ ಸ್ಪಷ್ಟ ಇಂಗ್ಲಿಷಿನಲ್ಲಿ, ನಿಮ್ಮ ಮೀನನ್ನು ಕೊಂದದ್ದಕ್ಕೆ ಕ್ಷಮಿಸಿ ಮಿಸ್ಟರ್ ಪ್ರೆಂಟಿಸ್, ನನಗೆ ವೀಸಾ ಬೇಡ ಎಂದಳು. ನನ್ನ ಕಡೆ ತಿರುಗಿದಳು, ನಾನು ಇಷ್ಟು ಹೊತ್ತು ಅವನನ್ನು ನೋಡುತ್ತಿದ್ದ ಕಣ್ಣು ಅದು, ಅದೇ ಹೇಸಿಗೆ, ಇಲ್ಲಿ ಹಿಡಿದದ್ದನ್ನು ಬಿಡುದು ಕ್ರಮ ಅಂತ ಹೇಳಿದ್ರಲ್ಲ, ನನ್ನನ್ನೂ ಬಿಡಿ, ಎಂದಳು, ಹೋದಳು, ಕಾರಿನ ಬಾಗಿಲು ಹಾಕಿದ ಸದ್ದು. ಸಾಹೇಬ ಏನೋ ಕೇಳುತ್ತಿದ್ದಾನೆ, ಸುಳ್ಳು ಹೇಳಿದೆಯಾ ಸೆಲೆಸ್ಟಿನ್ ಎನ್ನುತ್ತಿದ್ದಾನೆ, ಯೆಸ್ ಸರ್ ಎನ್ನಬೇಕು, ನೋ ಸರ್ ಎನ್ನಬೇಕು, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಹಾಸಿನ ಮೇಲೆ ಆ ತುಟಿ, ಹಳೆಯ ತೂತುಗಳು ಬಿಳಿ, ಇವತ್ತಿನದು ಕೆಂಪು, ಇವತ್ತಿನದು ಕೆಂಪು