ನಮ್ಮ ಡಾಕ್ಟ್ರಮ್ಮ ಹೇಳಿದ್ದೇನೆಂದರೆ

ನಮ್ಮ ಮನೆಯಲ್ಲಿ ಜಗಳ ಗೆಲ್ಲುವುದು ನ್ಯಾಯ ಯಾರ ಕಡೆ ಇದೆ ಎನ್ನುವುದರ ಮೇಲಲ್ಲ, ಯಾರ ಡಾಕ್ಟರು ಏನು ಹೇಳಿದರು ಎನ್ನುವುದರ ಮೇಲೆ. ಬ್ಯೂನಸ್ ಐರಿಸ್‌ನಲ್ಲಿ ಹಲ್ಲಿನ ಡಾಕ್ಟರಿಲ್ಲದವರು ಬೇಕಾದಷ್ಟು ಜನ ಸಿಗುತ್ತಾರೆ, ಮನಸ್ಸಿನ ಡಾಕ್ಟರಿಲ್ಲದವರನ್ನು ಹುಡುಕಬೇಕು. ನನ್ನ ಹೆಂಡತಿ ನೆಲಿದಾಳಿಗೆ ಬೆನೀತೆಸ್ ಎಂಬ ಹೆಂಗಸು, ಮಗಳು ಲೊರೇನಾಳಿಗೆ ಗುಸ್ತಾವೋ ಎಂಬಾತ. ಯಾರೂ ಇಲ್ಲದವನು ನಾನೊಬ್ಬನೇ.

ನಾನು ಅನ್ಸೆಲ್ಮೋ, ಸೋಫಾ ಕುರ್ಚಿಗಳ ಕುಶನ್ ಕೆಲಸದವನು. ನಮ್ಮ ಪಲೆರ್ಮೋ ಬಡಾವಣೆಯ ಅರ್ಧಕ್ಕರ್ಧ ಮನಸ್ಸಿನ ಡಾಕ್ಟರುಗಳ ದಿವಾನಕ್ಕೆ, ಅಂದರೆ ರೋಗಿಗಳು ಮಲಗುವ ಸೋಫಾಕ್ಕೆ, ಸ್ಪ್ರಿಂಗ್ ಕಟ್ಟಿದವನು ನಾನೇ. ಜನ ಮಲಗಿಕೊಂಡು ಗೋಳು ತೋಡಿಕೊಂಡ ಜಾಗವನ್ನೆಲ್ಲ ಹೊಟ್ಟೆ ಸೀಳಿ ನೋಡಿದ್ದೇನೆ. ಒಳಗೆ ಹೇರ್‌ಪಿನ್ನು, ಒಣಗಿದ ಚ್ಯೂಯಿಂಗ್ ಗಮ್ಮು, ಒಂದು ಸಲ ಯಾರದೋ ಕಟ್ಟಿಸಿದ ಹಲ್ಲು, ಇಷ್ಟು ಬಿಟ್ಟರೆ ಬೇರೇನೂ ಸಿಕ್ಕಿಲ್ಲ. ಹಾಗಾಗಿ ಆ ವಿದ್ಯೆಯ ಮೇಲೆ ನನಗೆ ಅಂಥ ಭಯಭಕ್ತಿಯೇನೂ ಇರಲಿಲ್ಲ.

ಜನವರಿ ಅಂದರೆ ನಮ್ಮಲ್ಲಿ ನಡುಬೇಸಿಗೆ. ಅಂಥ ಒಂದು ಭಾನುವಾರ, ಕೂತಲ್ಲೇ ಬೆವರು ಇಳಿಯುವ ಸೆಕೆಯಲ್ಲಿ, ರವಿಯೋಲಿ ಕಡುಬು ಬಡಿಸುತ್ತಾ ನೆಲಿದಾ ಹೇಳಿದಳು:

"ಈ ಫೆಬ್ರವರಿ ಸಮುದ್ರಕ್ಕೆ ನಾನೊಬ್ಬಳೇ ಹೋಗ್ತೀನಿ. ನೆಕೊಚೆಯಾದಲ್ಲಿ ಅಕ್ಕನ ಮನೆ ಖಾಲಿ ಇದೆಯಂತೆ."

ಮದುವೆಯಾದಾಗಿನಿಂದ ಪ್ರತಿ ಫೆಬ್ರವರಿ ನಾವಿಬ್ಬರೂ ಒಟ್ಟಿಗೇ ಹೋದವರು.

"ಒಬ್ಬಳೇ ಯಾಕೆ? ನಾನೇನು ಮಾಡಿದೆ?"

"ನೀನೇನೂ ಮಾಡಿಲ್ಲ. ನನಗೆ ನಂದೇ ಅಂತ ಸ್ವಲ್ಪ ಜಾಗ ಬೇಕು ಅಂತ ಬೆನೀತೆಸ್ ಹೇಳ್ತಾಳೆ."

"ಜಾಗ ಸಾಲದಿದ್ರೆ ಮಂಚ ದೊಡ್ಡದು ಮಾಡಿಸ್ತೀನಿ."

"ನೋಡಿದ್ಯಾ?" ಎಂದು ನೆಲಿದಾ ಮಗಳ ಕಡೆ ತಿರುಗಿದಳು.

"ಪಪ್ಪಾ, ಒಳಗಿರೋದನ್ನ ಬಾಯಿ ಬಿಟ್ಟು ಹೇಳೋಕೆ ನಿನಗೆ ಬರಲ್ಲ," ಎಂದಳು ಲೊರೇನಾ. "ಗುಸ್ತಾವೋನೂ ಅದನ್ನೇ ಹೇಳ್ತಾನೆ."

"ಆ ಗುಸ್ತಾವೋ ನನ್ನ ಮುಖಾನೇ ನೋಡಿಲ್ಲ."

"ನೋಡೋದೇನೂ ಬೇಡ. ಇಷ್ಟು ವರ್ಷದಿಂದ ನಾನು ವರ್ಣಿಸ್ತಾ ಇದೀನಲ್ಲ."

ಅವರ ಕಡೆ ಇಬ್ಬರು ಡಾಕ್ಟರು, ನನ್ನ ಕಡೆ ಒಂದು ತಟ್ಟೆ ರವಿಯೋಲಿ. ಸೋತೆ. ನಿಜ ಹೇಳುತ್ತೇನೆ, ಹೆದರಿಕೆಯೂ ಆಯಿತು. ನಮ್ಮ ಬೀದಿಯ ಔಷಧಿ ಅಂಗಡಿ ಒರಾಸಿಯೋನ ಹೆಂಡತಿ ಹೀಗೇ ಜಾಗ ಬೇಕು ಎಂದು ಹೋದವಳು, ತಿರುಗಿ ಬಂದದ್ದು ವಕೀಲನ ಜೊತೆ. ನೆಲಿದಾ ಹೋದವಳು ಬರದೇ ಹೋದರೆ? ಈ ಪ್ರಶ್ನೆ ಅವತ್ತಿನಿಂದ ನನ್ನ ನಿದ್ದೆ ತಿಂದಿತು, ಆದರೆ ಅವಳನ್ನು ಕೇಳಲು ನಾಲಿಗೆ ಏಳಲಿಲ್ಲ.

ಅವಳ ಸೂಟ್‌ಕೇಸಿನ ಅಸ್ತರು ಹರಿದಿತ್ತು, ಹಿಡಿಯೂ ಕಿತ್ತುಬಂದಿತ್ತು. ಅಂಗಡಿಗೆ ಒಯ್ದು ಸರಿ ಮಾಡಿಕೊಡು ಎಂದಳು. ಒಯ್ದೆ, ಸರಿ ಮಾಡಲಿಲ್ಲ. ಸೂಟ್‌ಕೇಸಿಲ್ಲದೆ ಯಾವ ಹೆಂಗಸೂ ಗಂಡನನ್ನು ಬಿಟ್ಟು ಹೋಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಅವಳು ಕೇಳಿದಾಗಲೆಲ್ಲ ದಾರ ಬಂದಿಲ್ಲ, ಮೊಳೆ ಮುಗಿದಿದೆ ಎನ್ನುತ್ತಿದ್ದೆ. ಇನ್ನೊಂದು ಕಡೆ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ನಾನೂ ಒಬ್ಬ ಡಾಕ್ಟರನ್ನು ಹಿಡಿಯಲು ಹೊರಟೆ.

ನಮ್ಮ ಬೀದಿಯ ಯಾವ ಕಟ್ಟಡಕ್ಕೆ ಹೋದರೂ ಕರೆಗಂಟೆಗಳ ಪಕ್ಕ ನಾಲ್ಕಾರು ಡಾಕ್ಟರುಗಳ ಹೆಸರಿರುತ್ತದೆ. ನನ್ನ ಕೈ ಸೋಕದ ದಿವಾನ ಯಾರ ಹತ್ತಿರ ಇದೆಯೋ ಅವರೇ ಬೇಕಾಗಿತ್ತು. ನಾನು ಹೊಲಿದದ್ದರ ಮೇಲೆ ನಾನೇ ಮಲಗಿದರೆ ಧ್ಯಾನವೆಲ್ಲ ಹೊಲಿಗೆಯ ಮೇಲೇ ಇರುತ್ತದೆ. ಹಾಗೆ ಬಸ್ಸು ಹತ್ತಿ ಹುಡುಕಿಕೊಂಡು ಹೋದಾಗ ಸಿಕ್ಕವರು ಪೆರ್ಲಾ ವೈನರ್, ಕನ್ನಡಕಕ್ಕೆ ಸರಪಳಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಬಿಳಿಗೂದಲಿನ ಎತ್ತರದ ಹೆಂಗಸು. ಒಳಗೆ ಕರೆದರು. ನಾನು ಸೀದಾ ದಿವಾನದ ಹತ್ತಿರ ಹೋಗಿ ಅಂಗೈಯಿಂದ ಒತ್ತಿ ನೋಡಿದೆ.

"ಎಡಗಡೆ ಸ್ಪ್ರಿಂಗು ಕೂತುಬಿಟ್ಟಿದೆ ಡಾಕ್ಟ್ರಮ್ಮ. ಕೆಳಗಿನ ಪಟ್ಟಿನೂ ಸಡಿಲ."

"ನೀವು ಸದ್ಯಕ್ಕೆ ಕುರ್ಚೀಲಿ ಕೂತ್ಕೊಳ್ಳಿ," ಎಂದರು ಆಕೆ.

ದಿವಾನ ಮೊದಲ ದಿನವೇ ಸಿಗುವುದಿಲ್ಲವಂತೆ, ಕುರ್ಚಿಯಿಂದ ಬಡ್ತಿ ಪಡೆದು ಹೋಗಬೇಕಂತೆ. ಕುರ್ಚಿಯ ಪಕ್ಕ, ಅಳುವವರ ಕೈಗೆ ಎಟುಕುವಂತೆ, ಕಾಗದದ ಕರವಸ್ತ್ರದ ಡಬ್ಬಿ. ಗಡಿಯಾರ ಮಾತ್ರ ನನ್ನ ಬೆನ್ನ ಹಿಂದೆ, ಆಕೆಯ ಕಣ್ಣಿಗಷ್ಟೇ ಬೀಳುವಂತೆ. ಅಂಗಡಿ ನಡೆಸುವವರ ಚಾಲಾಕಿತನ ನನಗೆ ತಿಳಿಯದ್ದೇ?

"ಹೇಳಿ," ಎಂದರು.

"ಏನು ಹೇಳಲಿ?"

"ಮನಸ್ಸಿಗೆ ಬಂದದ್ದು."

"ನನ್ನ ಹೆಂಡತಿ ಒಬ್ಬಳೇ ಸಮುದ್ರಕ್ಕೆ ಹೋಗಬಾರದು ಅಂತ ನೀವು ಒಂದು ಮಾತು ಹೇಳ್ಬೇಕು. ಅಷ್ಟೇ ಸಾಕು. ಮನೇಲಿ ಮಿಕ್ಕಿದ್ದು ನಾನು ನೋಡ್ಕೋತೀನಿ."

"ನಾನು ಹೇಳಬೇಕು."

"ಹೌದು, ನೀವೇ."

"ನೀವಲ್ಲ."

"ನಾನು ಹೇಳಿದ್ರೆ ಕೇಳೋರು ಯಾರು?"

ಆಕೆ ಮುಂದೆ ಏನೋ ಹೇಳುತ್ತಾರೆಂದು ನಾನು ಕಾದೆ. ನಾನು ಹೇಳುತ್ತೇನೆಂದು ಆಕೆ ಕಾದರು. ಫ್ಯಾನು ತಿರುಗಿತು. ಕೆಳಗೆ ಬೀದಿಯಲ್ಲಿ ಬಸ್ಸುಗಳು ಹೋದವು. ತಡೆಯಲಾರದೆ ನಾನೇ ಕುದುರೆ ಕೂದಲು ತುಂಬಿದ ಕುಶನ್ನಿಗೂ ಸ್ಪಂಜು ತುಂಬಿದ್ದಕ್ಕೂ ಇರುವ ವ್ಯತ್ಯಾಸ ವಿವರಿಸಿದೆ. ಕೊನೆಗೆ ಆಕೆ "ಹೂಂ" ಎಂದರು. ಅಷ್ಟು ಹೊತ್ತಿಗೆ ನನಗೆ ದಕ್ಕಿದ್ದು ಆ ಹೂಂ ಒಂದೇ.

ಒಂದು ಹೂಂ ಹಿಡಿದುಕೊಂಡು ಜಗಳಕ್ಕೆ ಹೋಗಲಾಗುತ್ತದೆಯೇ? ಭಾನುವಾರ ಅದಕ್ಕೆ ಸ್ವಲ್ಪ ನನ್ನ ಕೈಯಿಂದಲೂ ಸೇರಿಸಿದೆ.

"ನಾನೂ ಒಬ್ಬರ ಹತ್ರ ಹೋಗ್ತಾ ಇದೀನಿ," ಎಂದೆ ಊಟದ ನಡುವೆ.

ಇಬ್ಬರ ಮುಳ್ಳುಚಮಚವೂ ಅಲ್ಲೇ ನಿಂತಿತು. ಲೊರೇನಾ ಎದ್ದು ಬಂದು ನನ್ನ ನೆತ್ತಿಗೆ ಮುತ್ತು ಕೊಟ್ಟಳು. ಅವಳು ಕಾಲೇಜು ಪಾಸು ಮಾಡಿದಾಗ ನಾನೂ ಅವಳಿಗೆ ಅಷ್ಟು ಪ್ರೀತಿಯಿಂದ ಮುತ್ತು ಕೊಟ್ಟಿರಲಿಲ್ಲ.

"ನಮ್ಮ ವೈನರ್ ಡಾಕ್ಟ್ರಮ್ಮ ಹೇಳೋದೇನಂದ್ರೆ, ಹಳೇ ಅಭ್ಯಾಸಾನ ದಿಢೀರಂತ ನಿಲ್ಲಿಸಿದ್ರೆ ಗಂಡಸಿನ ಒಳಗೆ ಏನೋ ಮುರಿದು ಹೋಗುತ್ತಂತೆ. ಅದರಲ್ಲೂ ಫೆಬ್ರವರಿಲಿ."

"ಫೆಬ್ರವರಿಲಿ ಯಾಕೆ?" ಎಂದಳು ನೆಲಿದಾ.

"ಸೆಕೆ ಜಾಸ್ತಿ ಅಲ್ವಾ."

ಅವಳು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತಿಗೆ ಎದುರು ಮಾತು ಬರದೇ ಇದ್ದದ್ದು ಅವತ್ತೇ. ನನಗೆ ಅಮಲೇರಿತು.

ಮುಂದಿನ ವಾರ ಕುರ್ಚಿಯಲ್ಲಿ ಇನ್ನೊಂದು ಹೂಂ ಸಿಕ್ಕಿತು, ಮನೆಯ ಊಟದ ಮೇಜಿನ ಮೇಲೆ ಭರ್ಜರಿ ಕಾಳಗ ನಡೆಯಿತು.

"ಬೆನೀತೆಸ್ ಹೇಳ್ತಾಳೆ, ಮುರಿಯೋದಾದ್ರೆ ಮುರೀಲಿ ಅಂತ," ಎಂದಳು ನೆಲಿದಾ.

"ವೈನರ್ ಹೇಳ್ತಾರೆ, ಬೆನೀತೆಸ್‌ಗೆ ಬಹುಶಃ ಗಂಡ ಇಲ್ಲ ಅಂತ."

ಲೊರೇನಾ ಅಂತೂ ಅಡುಗೆಮನೆಗೆ ಬಂದು, ತನ್ನ ಹುಡುಗನ ವಿಷಯ ತೆಗೆದು ಪಿಸುಮಾತಿನಲ್ಲಿ, "ಪಪ್ಪಾ, ನಾನು ದಾಮಿಯಾನ್‌ನ ಬಿಡಬೇಕಾ ಅಂತ ನಿನ್ನ ಡಾಕ್ಟ್ರಮ್ಮನ ಒಂದು ಮಾತು ಕೇಳ್ತೀಯಾ?" ಎಂದಳು.

"ಕೇಳೋದೇ ಬೇಡ, ಬಿಡು ಅಂತಾರೆ. ಸೋಫಾ ಮೇಲೆ ಬೂಟುಗಾಲು ಇಡೋರ ಬಗ್ಗೆ ಅವರ ಅಭಿಪ್ರಾಯ ನನಗೆ ಗೊತ್ತು."

ಇಷ್ಟಾದರೂ ನೆಲಿದಾ ನೆಕೊಚೆಯಾದ ಬಸ್ಸಿಗೆ ಟಿಕೆಟ್ ತಂದಿಟ್ಟಳು. ಒಂದೇ ಟಿಕೆಟ್.

ಮೂರನೆಯ ಸಲ ಹೋದಾಗ ನಾನು ಕೂರುವ ಮೊದಲೇ ವೈನರ್ ಹೇಳಿದರು, ಫೆಬ್ರವರಿಯಲ್ಲಿ ತಾನು ಇರುವುದಿಲ್ಲವೆಂದು. ಇಡೀ ಊರಿಗೇ ಗೊತ್ತಿರುವ ಸಂಗತಿ ಅದು. ಫೆಬ್ರವರಿ ಬಂದರೆ ನಮ್ಮೂರಿನ ಡಾಕ್ಟರುಗಳೆಲ್ಲ ಸಮುದ್ರದ ದಂಡೆಗೆ ವಲಸೆ ಹೋಗುತ್ತಾರೆ, ಊರಲ್ಲಿ ಉಳಿಯುವುದು ಅವರ ರೋಗಿಗಳು ಮಾತ್ರ. ಆದರೂ ಕುರ್ಚಿಯ ತುದಿಯಲ್ಲೇ ಕೂತು ಕೇಳಿದೆ:

"ನೀವೂ ಹೋಗ್ತೀರಾ?"

"ನಾನೂ," ಎಂದರು.

"ಅವಳೂ ಹೋಗ್ತಾಳೆ, ನೀವೂ ಹೋಗ್ತೀರಿ. ನೀವು ಮಾರ್ಚಲ್ಲಿ ಬರ್ತೀರಿ, ಕೆಳಗೆ ಗಂಟೆ ಪಕ್ಕ ಹೆಸರಿದೆ. ಅವಳು ಬರ್ತಾಳೋ ಇಲ್ವೋ ಅಂತ ನಾನು ಯಾರನ್ನ..."

"ಇವತ್ತಿಗೆ ಇಲ್ಲಿಗೆ ಬಿಡೋಣ," ಎಂದು ಆಕೆ ಎದ್ದೇಬಿಟ್ಟರು.

"ಡಾಕ್ಟ್ರಮ್ಮ, ನಾನು ಈಗ ತಾನೇ ಶುರು ಮಾಡಿದೀನಿ."

"ಹೌದು," ಎಂದು ಬಾಗಿಲು ತೆರೆದು ಹಿಡಿದರು.

ಬೀದಿಗೆ ಬಂದವನಿಗೆ ಮೈಯೆಲ್ಲ ಉರಿ. ಕುರ್ಚಿ ಇನ್ನೂ ಬಿಸಿಯಾಗಿರಲಿಲ್ಲ. ನಾನು ಅರ್ಧ ಸೋಫಾ ಹೊಲಿದು ಇವತ್ತಿಗೆ ಇಲ್ಲಿಗೆ ಬಿಡೋಣ ಎಂದರೆ ಗಿರಾಕಿಗಳು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ಅದಕ್ಕಿಂತ ಕೆಟ್ಟದ್ದು ಆ ಅರ್ಧ ಮಾತು. ನಾವು ಕುಶನ್ ಕೆಲಸದವರು ಸಣ್ಣ ಮೊಳೆಗಳನ್ನು ತುಟಿಯಲ್ಲಿ ಹಿಡಿದುಕೊಂಡು ಕೆಲಸ ಮಾಡುತ್ತೇವೆ. ಆ ಮಾತು ಹಾಗೆಯೇ ಬಾಯಲ್ಲಿ ನಿಂತಿತ್ತು, ನುಂಗುವ ಹಾಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದವನು ಏನೋ ಕೇಳಿದರೂ ಉತ್ತರ ಕೊಡಲಿಲ್ಲ, ಬಾಯಿ ತೆರೆದರೆ ಅದೇ ಬಿದ್ದುಬಿಡುತ್ತದೆಂಬ ಭಯ.

ನೆಲಿದಾ ಅಡುಗೆಮನೆಯಲ್ಲಿ ಕೂತು ನಮ್ಮ ಕಡೆ ಚಹಾದಂತೆ ಹೀರುವ ಮಾಟೆಗೆಂದು ಸೋರೆಬುರುಡೆಯೊಳಗಿನ ಸೊಪ್ಪಿಗೆ ಬಿಸಿನೀರು ಹೊಯ್ಯುತ್ತಿದ್ದಳು.

"ಇಷ್ಟು ಬೇಗ? ಏನಂತಾಳೆ ನಿನ್ನ ವೈನರ್?"

"ಏನೂ ಅನ್ನಲ್ಲ. ಯಾವತ್ತೂ ಏನೂ ಅಂದಿಲ್ಲ. ಹೂಂ ಅಂತಾರೆ, ಅಷ್ಟೇ. ಇಲ್ಲೀವರೆಗೆ ಹೇಳಿದ್ದೆಲ್ಲ ನಂದೇ."

"ಗೊತ್ತು."

"ಹೇಗೆ ಗೊತ್ತು?"

"ಬೆನೀತೆಸ್ ಒಂದು ಪೂರ್ತಿ ಮಾತು ಆಡೋಕೆ ನಾಲ್ಕು ವರ್ಷ ತಗೊಂಡ್ಲು. ನಿನ್ನೋಳು ಮೊದಲನೇ ವಾರಾನೇ ಫೆಬ್ರವರಿ ಮೇಲೆ ಭಾಷಣ ಮಾಡಿದ್ಲು ಅಂದ್ರೆ ನಾನು ನಂಬಬೇಕಾ?"

"ನಾಲ್ಕು ವರ್ಷಕ್ಕೆ ಏನಂದ್ಲು?"

"ಕರೆಗಂಟೆ ಕೆಟ್ಟಿದೆ, ಇನ್ಮೇಲೆ ಬಾಗಿಲು ತಟ್ಟಿ ಅಂದ್ಲು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಆಮೇಲೆ ಹೊಳೆಯಿತು.

"ಹಾಗಾದ್ರೆ ಜಾಗ ಬೇಕು ಅಂದಿದ್ದು?"

"ನಾನೇ." ಅವಳು ಬುರುಡೆಯನ್ನೇ ನೋಡುತ್ತಿದ್ದಳು. "ನಂದು ಅಂತ ಹೇಳೋಕೆ ಧೈರ್ಯ ಸಾಲಲಿಲ್ಲ."

ಬಾಯಲ್ಲಿದ್ದ ಮೊಳೆ ಆಗ ಬಿತ್ತು.

"ನೆಲಿ, ನೀನು ತಿರುಗಿ ಬರ್ತೀಯಾ?"

ಅವಳು ತಲೆ ಎತ್ತಿದಳು. "ಇದನ್ನ ಕೇಳೋಕಾ ನೀನು ಡಾಕ್ಟರ ಹತ್ರ ಹೋಗಿದ್ದು?"

"ಹೂಂ."

"ಅಯ್ಯೋ ಮುದುಕ. ನಾವು ಸಮುದ್ರದ ಮುಂದೆ ಕೂತಾಗೆಲ್ಲ ನೀನು ನೋಡೋದೇನು? ಬಾಡಿಗೆ ಕುರ್ಚಿಗಳ ತಳ. ಯಾವುದರ ಬಟ್ಟೆ ಹರಿದಿದೆ, ಯಾವುದರ ಮೊಳೆ ಎದ್ದಿದೆ. ನಾನು ಅಲ್ಲಿ ಹಡಗು ನೋಡು ಅಂದ್ರೆ ಕುರ್ಚಿ ತಲೆಕೆಳಗು ಮಾಡ್ಕೊಂಡು ಕೂತಿರ್ತೀಯ. ಒಂದೇ ಒಂದು ಸಲ ನಾನು ಸುಮ್ನೆ ಸಮುದ್ರ ನೋಡ್ಬೇಕು. ನೋಡ್ಕೊಂಡು ಬರ್ತೀನಿ."

"ಯಾರು ಹೇಳಿದ್ದು?"

"ನಾನು ಹೇಳ್ತಾ ಇದೀನಿ, ಅನ್ಸೆಲ್ಮೋ. ನಾನು."

ನನಗೆ ಅಳು ಬಂದುಬಿಟ್ಟಿತು. ಕಾಗದದ ಕರವಸ್ತ್ರದ ಡಬ್ಬಿ ಅಲ್ಲಿ, ಕಣ್ಣೀರು ಇಲ್ಲಿ. ಪಾತ್ರೆ ಒರೆಸುವ ಬಟ್ಟೆಯಲ್ಲೇ ಮುಖ ಒರೆಸಿಕೊಂಡೆ. ನೆಲಿದಾ ನಗುತ್ತಾ ಮಾಟೆ ಬುರುಡೆಯನ್ನು ನನ್ನ ಕೈಗಿಟ್ಟಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದವನೇ ಸೂಟ್‌ಕೇಸು ಎತ್ತಿಕೊಂಡೆ. ಹೊಸ ಅಸ್ತರು ಹಾಕಿದೆ, ದಬ್ಬಳದಿಂದ ಮೂಲೆಗಳಿಗೆ ಎರಡೆರಡು ಹೊಲಿಗೆ ಹಾಕಿದೆ, ಹಿಡಿಯನ್ನು ಬಿಗಿದೆ. ಮಧ್ಯಾಹ್ನ ಮನೆಗೆ ತಂದು ಮೇಜಿನ ಮೇಲೆ ಇಟ್ಟೆ. ನೆಲಿದಾ ಮುಚ್ಚಳ ತೆರೆದು ಒಳಗೆ ಕೈಯಾಡಿಸಿದಳು. ಆಮೇಲೆ ನಾನು ಕುರ್ಚಿ ನೋಡುವಂತೆಯೇ ಅದನ್ನು ತಲೆಕೆಳಗು ಮಾಡಿ ತಳ ನೋಡಿದಳು, ಹಿಡಿ ಹಿಡಿದು ಜಗ್ಗಿದಳು.

"ತಡೆಯುತ್ತಾ ಇದು?"

"ಹೋಗೋಕೂ ಸಾಕು, ಬರೋಕೂ ಸಾಕು," ಎಂದೆ.

"ಹೂಂ," ಎಂದಳು ನೆಲಿದಾ.